ಬೆಳ್ಳಗಿರುವುದೆಲ್ಲ ತೊನ್ನಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವು ಸಾಧಾರಣವಾಗಿ ಮನುಷ್ಯರ ಗುಣವನ್ನು ಕುರಿತು ಆಡುತ್ತೇವೆ. ಅದನ್ನು ಮನುಷ್ಯರ ಚರ್ಮವನ್ನು ಕುರಿತೂ ಆಡಬೇಕೆಂದು ನನಗೆ ತಿಳಿದದ್ದು ದೊಡ್ಡಬಳ್ಳಾಪುರದಲ್ಲಿ, ನಮ್ಮ ಬೀದಿಯ ಒಂದು ನೇಕಾರರ ಮನೆಯಿಂದ. ನಾನು ವೈದ್ಯನಲ್ಲ, ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸುವ ಪಂಡಿತ. ಆದುದರಿಂದ ಇಲ್ಲಿ ಔಷಧದ ಚೀಟಿಯನ್ನು ನಿರೀಕ್ಷಿಸಬೇಡಿ. ಒಂದೇ ಮನೆಯಲ್ಲಿ ನಾಲ್ವರ ಮೈಮೇಲೆ ಕಲೆ ಕಂಡಾಗ ಅವನ್ನು ಬೇರೆಬೇರೆಯಾಗಿ ನೋಡುವುದು ಹೇಗೆ, ಹಾಗೆ ನೋಡದಿದ್ದರೆ ಆಗುವ ನಷ್ಟವೇನು ಎಂಬಷ್ಟನ್ನು, ವೈದ್ಯರಿಂದ ಕೇಳಿ ತಿಳಿದಂತೆ, ನಿಮ್ಮ ಮುಂದಿಡುತ್ತೇನೆ.

ಆ ಮನೆಯ ಯಜಮಾನರು ನಾಲ್ಕು ಮಗ್ಗಗಳನ್ನಿಟ್ಟುಕೊಂಡು ಸೀರೆ ನೇಯುವವರು. ಮಗ್ಗದ ಸದ್ದನ್ನೂ ಮೀರಿಸುವಂತೆ ರೇಡಿಯೋ ಹಾಕಿಕೊಂಡು, ಗಾಳಿಯಾಡದ ಕೋಣೆಯಲ್ಲಿ ಹಗಲೆಲ್ಲ ಬೆವರುವ ಅವರ ಎದೆ ಬೆನ್ನುಗಳ ಮೇಲೆ ಹೊಟ್ಟು ಚೆಲ್ಲಿದಂತೆ ಸಣ್ಣ ಸಣ್ಣ ಮಾಸಲು ಕಲೆಗಳು. ಎಂಟು ವರ್ಷದ ಮಗನ ಕೆನ್ನೆಯ ಮೇಲೆ ಎರಡು ಪೇಲವವಾದ ಗುರುತು. ಪದವಿ ಮುಗಿಸಿದ ಹಿರಿಯ ಮಗಳ ತುಟಿಯಂಚಿನಲ್ಲಿಯೂ ಬೆರಳ ತುದಿಗಳಲ್ಲಿಯೂ ಅಚ್ಚ ಬಿಳಿ. ಯಜಮಾನರ ತಾಯಿಯ ಮುಂಗೈಯಲ್ಲಿ ಅಂಗೈಯಗಲದ, ತಾಮ್ರದ ಛಾಯೆಗೆ ತಿರುಗಿದ ಮಂಕು ಕಲೆ. ಮಗಳನ್ನು ನೋಡಲು ಹೊಸಕೋಟೆಯ ಕಡೆಯಿಂದ ಬಂದಿದ್ದವರು ಉಪ್ಪಿಟ್ಟು ಕಾಫಿ ಮುಗಿಸಿ ನಗುನಗುತ್ತಲೇ ಹೋದರು. ಮೂರು ದಿನದ ಮೇಲೆ ಹೇಳಿ ಕಳುಹಿಸಿದರು: “ಹುಡುಗಿ ಲಕ್ಷಣವಾಗಿದ್ದಾಳೆ. ಆದರೆ ನಿಮ್ಮ ಮನೆತನದಲ್ಲೇ ತೊನ್ನು ಇದ್ದಂತಿದೆ. ಒಬ್ಬರಿಗಲ್ಲ, ನಾಲ್ಕು ಜನಕ್ಕೆ ಕಂಡೆವು.”

ನಾಲ್ವರಿಗೂ ಇದ್ದದ್ದು ಒಂದೇ ಅಲ್ಲ. ತೊನ್ನು ಇದ್ದದ್ದು ಒಬ್ಬಳಿಗೆ ಮಾತ್ರ. ಅಷ್ಟೇ ಅಲ್ಲ, ಆ ಮನೆಯಲ್ಲಿ ತಡಮಾಡದೆ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗಿದ್ದವಳು ಆ ಹುಡುಗಿಯೂ ಅಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಜ್ಜಿ.

ಗೊಂದಲದ ಮೂಲ ನಮ್ಮ ಕಣ್ಣಿನಲ್ಲಿ ಮಾತ್ರವಿಲ್ಲ, ನಾಲಗೆಯಲ್ಲಿಯೂ ಇದೆ. ಪಂಡಿತನಾದುದರಿಂದ ಇಲ್ಲಿ ಒಂದು ಮಾತು ಹೆಚ್ಚಾಗಿ ಆಡಿದರೆ ಕ್ಷಮಿಸಬೇಕು. ಚರಕಸಂಹಿತೆಯಲ್ಲಿ ಕುಷ್ಠವೆಂಬುದು ಒಂದು ರೋಗದ ಹೆಸರಲ್ಲ, ಒಂದು ದೊಡ್ಡ ವರ್ಗದ ಹೆಸರು. ಮಹಾಕುಷ್ಠಗಳು ೭, ಕ್ಷುದ್ರಕುಷ್ಠಗಳು ೧೧, ಒಟ್ಟು ೧೮. ಈ ಪಟ್ಟಿಯಲ್ಲಿ ದದ್ರು ಇದೆ, ಪಾಮಾ ಇದೆ, ವಿಚರ್ಚಿಕಾ ಇದೆ, ಸಿಧ್ಮವಿದೆ. ನಮ್ಮ ಹುಳುಕಡ್ಡಿ, ಕಜ್ಜಿ, ಇಸುಬು, ಚಿಬ್ಬುಗಳಿಗೆ ಇವು ಹತ್ತಿರವೆಂದು ತಿಳಿದವರು ಹೇಳುತ್ತಾರೆ. ಶ್ವಿತ್ರ, ಎಂದರೆ ತೊನ್ನು, ಈ ಹದಿನೆಂಟರ ಎಣಿಕೆಗೆ ಸೇರದಿದ್ದರೂ ಅದೇ ಅಧ್ಯಾಯದ ಕೊನೆಯಲ್ಲಿ ಜಾಗ ಪಡೆದಿದೆ. ಅಮರಕೋಶದಲ್ಲಿಯೂ ಕಿಲಾಸದೊಡನೆ ಸಿಧ್ಮ, ಕುಷ್ಠದೊಡನೆ ಶ್ವಿತ್ರ ಜೋಡಿಯಾಗಿಯೇ ಬರುತ್ತವೆ. ಹುಡುಗನಾಗಿದ್ದಾಗ ಇದನ್ನೆಲ್ಲ ನಾನು ಬಾಯಿಪಾಠ ಮಾಡಿದವನು. ಆ ಜೋಡಿಪದಗಳು ಒಂದು ದಿನ ಪಕ್ಕದ ಮನೆಯ ಹುಡುಗಿಯ ಮದುವೆಗೆ ಅಡ್ಡ ಬಂದಾವೆಂದು ಎಣಿಸಿರಲಿಲ್ಲ. ಕಾಲಕ್ರಮದಲ್ಲಿ ಕನ್ನಡದಲ್ಲಿ ಕುಷ್ಠವೆಂಬ ಮಾತಿಗೆ ಅರ್ಥಸಂಕೋಚವಾಗಿ, ಅದು ನರವನ್ನು ಕೊಲ್ಲುವ ಒಂದು ರೋಗಕ್ಕೆ ಮಾತ್ರ ನಿಂತಿತು. ಆದರೆ ತೊನ್ನಿಗೆ ‘ಬಿಳಿ ಕುಷ್ಠ’, ‘ಶ್ವೇತಕುಷ್ಠ’ವೆಂಬ ಹಳೆಯ ಹೆಸರು ಹಾಗೆಯೇ ಉಳಿದುಬಿಟ್ಟಿತು. ಹೆಸರಿನ ದೆಸೆಯಿಂದ ತೊನ್ನಿನವರು ಕುಷ್ಠದ ಅಪವಾದವನ್ನು ಹೊತ್ತರು. ಕುಷ್ಠವುಳ್ಳವರೋ, ತಮ್ಮ ಕಲೆ ಬೆಳ್ಳಗಿಲ್ಲವೆಂದು ನಿಶ್ಚಿಂತರಾಗಿ ಉಳಿದರು.

ಮೊದಲು ಯಜಮಾನರ ವಿಷಯ. ಅದು ಚಿಬ್ಬು. ಮಲಸೇಜಿಯ ಎಂಬ ಒಂದು ಬಗೆಯ ಬೂಷ್ಟು ನಮ್ಮೆಲ್ಲರ ಚರ್ಮದ ಮೇಲೂ ಸದಾ ಇರುತ್ತದೆ. ಸೆಕೆ, ಬೆವರು, ಎಣ್ಣೆಜಿಡ್ಡು ಅನುಕೂಲವಾದಾಗ ಹೆಚ್ಚಿಕೊಂಡು ಅಲ್ಲಲ್ಲಿ ಬಣ್ಣ ಕೆಡಿಸುತ್ತದೆ. ಕುತ್ತಿಗೆ, ಎದೆ, ಬೆನ್ನು, ಹೆಗಲು ಇದರ ಠಾವು. ಒಬ್ಬರಲ್ಲಿ ಮಾಸಲು ಬಿಳುಪಾಗಿ, ಇನ್ನೊಬ್ಬರಲ್ಲಿ ಕಂದಾಗಿ ಕಾಣುವುದೂ ಉಂಟು. ಗುರುತು ಹಿಡಿಯುವುದು ಸುಲಭ: ಕಲೆಯ ಮೇಲೆ ಉಗುರಿನಿಂದ ಮೆಲ್ಲನೆ ಕೆರೆದರೆ ನಯವಾದ ಹೊಟ್ಟು ಏಳುತ್ತದೆ. ವೈದ್ಯರು ಹೇಳಿದ ಲೇಪದಿಂದ ಬೂಷ್ಟು ಕೆಲವೇ ವಾರಗಳಲ್ಲಿ ಸಾಯುತ್ತದೆ. ಆದರೆ ಚರ್ಮದ ಬಣ್ಣ ಮರಳಲು ತಿಂಗಳುಗಳೇ ಬೇಕು. ಇದನ್ನರಿಯದೆ ಎಷ್ಟೋ ಮಂದಿ ಔಷಧ ಹಿಡಿಯಲಿಲ್ಲವೆಂದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಬೇಸಗೆ ಬಂದಾಗ ಚಿಬ್ಬು ಮತ್ತೆ ಬರಬಹುದು. ಅದು ಮನೆತನದ ದೋಷವಲ್ಲ, ಬೆವರಿನ ದೋಷ.

ಇನ್ನು ಹುಡುಗನ ಕೆನ್ನೆ. ಶಾಲೆಯಲ್ಲಿ ಇಂಥ ಕೆನ್ನೆಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕಲೆಗೆ ಸ್ಪಷ್ಟವಾದ ಅಂಚಿರುವುದಿಲ್ಲ. ಸುತ್ತಲ ಬಣ್ಣದಲ್ಲಿ ಕರಗಿಹೋದಂತಿರುತ್ತದೆ. ಮುಟ್ಟಿದರೆ ಸ್ವಲ್ಪ ಒರಟು. ಬಿಸಿಲಿನಲ್ಲಿ ಆಡಿ ಮುಖ ಕಪ್ಪಾದ ಮೇಲೆ ಎದ್ದು ಕಾಣುತ್ತದೆ. ಮನೆಯವರು ಇದನ್ನು ಹೊಟ್ಟೆಹುಳುವೆಂದೋ ಸುಣ್ಣದ ಅಂಶ ಕಡಿಮೆಯೆಂದೋ ಹೇಳುವುದು ವಾಡಿಕೆ. ಎರಡೂ ಅಲ್ಲ. ಒಣಚರ್ಮದ ಮಕ್ಕಳಲ್ಲಿ ಕಾಣುವ ಸೌಮ್ಯವಾದ ಒಂದು ಬಗೆಯ ಇಸುಬು ಇದು. ಸೋಪಿನ ಉಜ್ಜಾಟ ಕಡಿಮೆ ಮಾಡಿ, ಮುಖ ಒಣಗದಂತೆ ಜಿಡ್ಡು ಸವರುತ್ತಿದ್ದರೆ ಸಾಕು, ದೊಡ್ಡವರಾಗುತ್ತ ತಾನಾಗಿ ಮಾಯವಾಗುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಇಂಥದೇ ಕೆನ್ನೆಯ ಹುಡುಗನೊಬ್ಬನನ್ನು ಪಕ್ಕದ ಹುಡುಗನ ತಾಯಿ ಬಂದು ದೂರಿದಳೆಂದು ಹಿಂದಿನ ಬೆಂಚಿಗೆ ಒಬ್ಬನನ್ನೇ ಕೂರಿಸಿದೆ. ಅವನು ಯಾಕೆಂದು ಕೇಳಲಿಲ್ಲ. ಪುಸ್ತಕ ಎತ್ತಿಕೊಂಡು ಹೋಗಿ ಕುಳಿತ. ಮರುವರ್ಷ ಅವನು ಆ ಶಾಲೆಗೆ ಬರಲಿಲ್ಲ. ಬೇರೆ ಕಾರಣವೂ ಇದ್ದೀತು. ಆದರೆ ಮಕ್ಕಳ ಕೆನ್ನೆ ನೋಡಿದಾಗಲೆಲ್ಲ ನನಗೆ ಆ ಬೆಂಚು ನೆನಪಾಗುತ್ತದೆ.

ಹಿರಿಯ ಮಗಳಿಗೆ ಇದ್ದದ್ದು ನಿಜವಾದ ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ದೇಹದ ರಕ್ಷಣಾಶಕ್ತಿಯೇ ಪರಕೀಯವೆಂದು ಭ್ರಮಿಸಿ ಕೊಲ್ಲುವುದರಿಂದ ಇದು ಬರುತ್ತದೆ. ಆದುದರಿಂದ ಕಲೆ ಮಾಸಲಾಗಿರುವುದಿಲ್ಲ, ಹಾಲಿನಂತೆ ಅಚ್ಚ ಬಿಳುಪು. ಅಂಚು ಗೆರೆ ಎಳೆದಂತೆ ಸ್ಪಷ್ಟ. ಹೊಟ್ಟೇಳುವುದಿಲ್ಲ, ಸಾಧಾರಣವಾಗಿ ತುರಿಸುವುದೂ ಇಲ್ಲ. ಕಲೆಯ ಮೇಲಿನ ಕೂದಲು ಕೆಲವೊಮ್ಮೆ ಬೆಳ್ಳಗಾಗುತ್ತದೆ. ಮುಖ್ಯವಾದ ಮಾತೆಂದರೆ, ಅಲ್ಲಿ ಸ್ಪರ್ಶಜ್ಞಾನ ಪೂರ್ತಿಯಾಗಿ ಉಳಿದಿರುತ್ತದೆ, ಬೆವರೂ ಬರುತ್ತದೆ. ಇದು ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಲೋಕದಲ್ಲಿ ನೂರಕ್ಕೆ ಅರ್ಧದಿಂದ ಒಬ್ಬರಿಗೆ ಇದೆ.

ಹಾಗಾದರೆ ವಂಶದಿಂದ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಸುಳ್ಳು ಸಮಾಧಾನ ಹೇಳಬಾರದು. ಸ್ವಲ್ಪ ಮಟ್ಟಿಗೆ ವಂಶದ ಒಲವು ಉಂಟು. ಆದರೆ ಅಚ್ಚು ಹೊಡೆದಂತೆ ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ತೊನ್ನಿದ್ದರೂ ಇನ್ನೊಬ್ಬರಿಗೆ ಬಾರದಿರುವುದೇ ಹೆಚ್ಚು. ರಕ್ತವೆಲ್ಲ ಒಂದೇ ಆದ ಅವಳಿಗಳ ಪಾಡೇ ಹೀಗಿರುವಾಗ, ಹುಟ್ಟಲಿರುವ ಮಕ್ಕಳ ಬಗ್ಗೆ ಈಗಲೇ ತೀರ್ಪು ಕೊಡುವುದು ಯಾವ ನ್ಯಾಯ? ಚಿಕಿತ್ಸೆಯೂ ಇಲ್ಲದಿಲ್ಲ. ಮುಲಾಮುಗಳು, ಅಳತೆಯಿಟ್ಟು ಕೊಡುವ ನೇರಳಾತೀತ ಬೆಳಕು, ಕಲೆ ಹರಡದೆ ನಿಂತ ಮೇಲೆ ಚರ್ಮ ಕಸಿ, ಇವೆಲ್ಲ ಇವೆ. ಮುಖದ ಕಲೆಗಳು ಬೇಗ ಬಗ್ಗುತ್ತವೆ; ಬೆರಳ ತುದಿ, ತುಟಿಗಳದ್ದು ಹಟ. ಥೈರಾಯಿಡ್ ಗ್ರಂಥಿಯ ತೊಂದರೆ ಇದರ ಜೊತೆಗೆ ಇರಬಹುದಾದ್ದರಿಂದ ಅದನ್ನೂ ಪರೀಕ್ಷಿಸಿಕೊಳ್ಳುವುದು ಲೇಸು.

ತೊನ್ನಿನಂತೆಯೇ ಕಾಣುವ ಇನ್ನೊಂದು ಬಿಳುಪನ್ನು ಗೃಹಿಣಿಯರು ವಿಶೇಷವಾಗಿ ತಿಳಿದಿರಬೇಕು. ಹಣೆಯ ನಡುವೆ, ಸರಿಯಾಗಿ ಬೊಟ್ಟಿನಷ್ಟೇ ಅಗಲ ಬೆಳ್ಳಗಾದರೆ, ಅಂಟಿಸುವ ಸ್ಟಿಕ್ಕರ್ ಬೊಟ್ಟಿನ ಅಂಟನ್ನು ಸಂಶಯಿಸಿ. ಆ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳು ಬಣ್ಣದ ಕಣಗಳಿಗೆ ವಿಷ. ಪಾದದ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿಯ ಆಕಾರದಲ್ಲಿಯೇ ಬಿಳುಪೇರಿದರೂ ಕಾರಣ ಅದೇ ಜಾತಿಯದು. ತಾಯಿ ಮಗಳು ಒಂದೇ ಹಾಳೆಯ ಬೊಟ್ಟು ಇಟ್ಟುಕೊಂಡು ಇಬ್ಬರ ಹಣೆಯೂ ಬೆಳ್ಳಗಾದರೆ ಊರವರು ವಂಶವನ್ನು ಜರೆಯುತ್ತಾರೆ, ಜರೆಯಬೇಕಾದದ್ದು ಹಾಳೆಯನ್ನು. ಬೊಟ್ಟನ್ನು ನಿಲ್ಲಿಸಿ ಕುಂಕುಮಕ್ಕೆ ಮರಳಿ, ವೈದ್ಯರಿಗೆ ತೋರಿಸಬೇಕು.

ಈಗ ಅಜ್ಜಿಯ ಮಾತು. ಆಕೆಯ ಕೈಯ ಕಲೆಯನ್ನು ಮನೆಯವರು ಮೂರು ವರ್ಷದಿಂದ ನೋಡುತ್ತಿದ್ದರು. ಬೆಳ್ಳಗಿಲ್ಲ, ತುರಿಯಿಲ್ಲ, ನೋವಿಲ್ಲ. ಆದುದರಿಂದ ಚಿಂತೆಯೂ ಇರಲಿಲ್ಲ. ಒಂದು ಸಂಜೆ ನಾನು ಅಲ್ಲಿದ್ದಾಗ ಅಜ್ಜಿ ಒಲೆಯ ಮೇಲಿನ ಮುದ್ದೆಯ ತಪ್ಪಲೆಯನ್ನು ಮಸಿಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸಿದರು. ನಾನು ಗಾಬರಿಯಾದೆ. ಮೊಮ್ಮಗ ಹೆಮ್ಮೆಯಿಂದ ಹೇಳಿದ: “ಸಾರ್, ನಮ್ಮಜ್ಜಿ ಕೈ ಸುಡೋದೇ ಇಲ್ಲ!” ಅಜ್ಜಿಯೂ ನಕ್ಕರು: “ಏನೂ ಆಗಲ್ಲ ಕಣಪ್ಪಾ ಮೇಷ್ಟ್ರೇ, ಐವತ್ತು ವರ್ಷ ಒಲೆ ಮುಂದೆ ಕೂತ ಕೈ ಇದು.” ಆ ಕೈಯ ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಬಾಗತೊಡಗಿದ್ದವು. ಬೆರಳ ಮೇಲೆ, ಅವರಿಗೇ ಗೊತ್ತಿಲ್ಲದ ಒಂದು ಬೊಬ್ಬೆ.

ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ೧೮೭೩ರಲ್ಲಿ ಕಂಡುಹಿಡಿದರು. ಅದು ಬಲು ನಿಧಾನಿ. ಮೈಸೇರಿದ ಮೇಲೆ ಲಕ್ಷಣ ತೋರಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಅದಕ್ಕೆ ಪ್ರಿಯವಾದದ್ದು ಚರ್ಮ ಮತ್ತು ನರ. ಆದುದರಿಂದಲೇ ಅದರ ಕಲೆ ಮಾಸಲಾಗಿಯೋ ಕೆಂಪಾಗಿಯೋ ತಾಮ್ರದ ಛಾಯೆಯಲ್ಲಿಯೋ ಇದ್ದು, ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಬೆವರು ಬಾರದೆ ಒಣಗಿರುತ್ತದೆ, ಕೂದಲು ಉದುರುತ್ತದೆ. ಮೊಣಕೈಯ ಹಿಂದೆ ಹಾಯುವ ನರ ದಪ್ಪಗಾಗಿ ಬೆರಳುಗಳು ಬಲಗೆಡುತ್ತವೆ. ಹಾಲಿನಂಥ ಬಿಳುಪು ಇದರ ಬಣ್ಣವಲ್ಲ. ಜನ ಯಾವ ಬಣ್ಣಕ್ಕೆ ಹೆದರುತ್ತಾರೋ ಅದು ಕುಷ್ಠವಲ್ಲ. ಯಾವ ಬಣ್ಣವನ್ನು ಅಲಕ್ಷ್ಯ ಮಾಡುತ್ತಾರೋ ಅದು ಕುಷ್ಠವಿರಬಹುದು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಖದ ಚರ್ಮದಲ್ಲಿ ನರಗಳು ದಟ್ಟವಾಗಿರುವುದರಿಂದ ಅಲ್ಲಿಯ ಕುಷ್ಠದ ಕಲೆಯಲ್ಲಿ ಸ್ಪರ್ಶ ಉಳಿದಿರಬಹುದು. ಆದುದರಿಂದ ಮಗುವಿನ ಕೆನ್ನೆಯ ಕಲೆ ತಿಂಗಳುಗಟ್ಟಲೆ ಹಾಗೆಯೇ ಇದ್ದರೆ, ದೊಡ್ಡದಾದರೆ, ಮೇಲೆ ಹೇಳಿದ ಸೌಮ್ಯವಾದ ಇಸುಬೇ ಎಂದು ನಿರ್ಧರಿಸಿ ಕೂರಬಾರದು. ಎರಡನೆಯದಾಗಿ, ಕುಷ್ಠದ ಇನ್ನೊಂದು ರೂಪದಲ್ಲಿ ಮರಗಟ್ಟಿದ ಕಲೆಯೇ ಎದ್ದು ಕಾಣದೆ, ಮೈ ಎಣ್ಣೆ ಸವರಿದಂತೆ ಹೊಳೆದು, ಕಿವಿಯ ಹಾಲೆ ದಪ್ಪವಾಗಿ, ಹುಬ್ಬು ಉದುರಬಹುದು.

ತಾಲ್ಲೂಕು ಆಸ್ಪತ್ರೆಗೆ ಆ ಮನೆಯವರೊಡನೆ ನಾನೂ ಹೋದೆ. ವೈದ್ಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಜ್ಜಿಗೆ ಕಣ್ಣು ಮುಚ್ಚಿಸಿ, “ಅಜ್ಜೀ, ನಾನು ಎಲ್ಲೆಲ್ಲಿ ಮುಟ್ಟುತ್ತೇನೋ ಅಲ್ಲಿ ಬೆರಳು ಇಟ್ಟು ತೋರಿಸಿ” ಎಂದು, ಬಾಲ್‌ಪೆನ್ನಿನ ತುದಿಯಿಂದ ಮೊದಲು ಒಳ್ಳೆಯ ತೋಳನ್ನು ಮುಟ್ಟಿದರು. ಅಜ್ಜಿ ಸರಿಯಾಗಿ ತೋರಿಸಿದರು. ಅನಂತರ ಕಲೆಯ ಮೇಲೆ ಒಂದು ಸಲ, ಎರಡು ಸಲ, ಆರು ಸಲ ಮುಟ್ಟಿದರು. ಅಜ್ಜಿ ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು: “ಇನ್ನೂ ಶುರು ಮಾಡಲಿಲ್ವೇನವ್ವಾ?” ಮಗ ಮುಖ ಆ ಕಡೆ ತಿರುಗಿಸಿಕೊಂಡರು. ಸೆರಗು ಸರಿಸಿ ನೋಡಿದಾಗ ಬೆನ್ನಿನ ಮೇಲೆಯೂ ಅಂಥವೇ ಐದಾರು ಕಲೆಗಳಿದ್ದವು.

ಹೆದರುವ ಕಾಲ ಹೋಯಿತೆಂಬುದನ್ನು ನಾನು ಒತ್ತಿ ಹೇಳಬೇಕು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದಕ್ಕಿಂತ ಹೆಚ್ಚು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿಯನ್ನು ಸೂಚಿಸಿತು. ಇಂದು ರೋಗದ ಹರವನ್ನು ನೋಡಿ ೬ ತಿಂಗಳು ಅಥವಾ ೧೨ ತಿಂಗಳು ಮಾತ್ರೆ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಸಿಲ್ಲ. ಮಾತ್ರೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗ ಹರಡುವ ಶಕ್ತಿ ಹೋಗುತ್ತದೆ. ರೋಗಿಯನ್ನು ಬೇರೆ ಇಡುವುದು, ಬೇರೆ ತಟ್ಟೆ ಕೊಡುವುದು ಅನಾವಶ್ಯಕ. ತಿಂಗಳಿಗೊಮ್ಮೆ ನುಂಗುವ ಕೆಂಪು ಔಷಧದಿಂದ ಮೂತ್ರ ಕೆಂಪಾಗುತ್ತದೆ, ಇನ್ನೊಂದರಿಂದ ಚರ್ಮ ಕೆಲವು ಕಾಲ ಕಪ್ಪಡರುತ್ತದೆ. ಅದಕ್ಕೆ ಬೆದರಿ ನಡುವೆ ನಿಲ್ಲಿಸಬಾರದು. ಮನೆಯವರೆಲ್ಲರ ಮೈಯನ್ನು ಪರೀಕ್ಷಿಸಿ, ರೋಗವಿಲ್ಲದವರಿಗೆ, ಅಡ್ಡಿಯೇನೂ ಇಲ್ಲದಿದ್ದರೆ, ಮುಂಜಾಗ್ರತೆಯಾಗಿ ಒಂದೇ ಒಂದು ಸಲ ಔಷಧ ನುಂಗಿಸುವ ಪದ್ಧತಿಯೂ ಈಗ ಇದೆ. ೨೦೦೫ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಕುಷ್ಠದ ‘ನಿರ್ಮೂಲನ’ವಾಯಿತೆಂದು ಸಾರಲಾಯಿತು. ಅದರ ಅರ್ಥ, ಚಿಕಿತ್ಸೆಯಲ್ಲಿರುವವರು ೧೦,೦೦೦ ಮಂದಿಗೆ ಒಬ್ಬರಿಗಿಂತ ಕಡಿಮೆಯಾದರು ಎಂದಷ್ಟೆ. ಬೇರು ಕಿತ್ತಿತೆಂದು ಜನ ತಿಳಿದರು. ಶಬ್ದ ಇಲ್ಲಿಯೂ ಮೋಸ ಮಾಡಿತು. ಲೋಕದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದಲ್ಲಿದ್ದಾರೆ. ಕಾನೂನು ಮಾತ್ರ ಒಂದು ಹೆಜ್ಜೆ ಮುಂದಿಟ್ಟಿದೆ: ಕುಷ್ಠವನ್ನು ಕಾರಣವಾಗಿ ತೋರಿಸಿ ವಿವಾಹವಿಚ್ಛೇದನ ಕೇಳುವ ಅವಕಾಶವನ್ನು ೨೦೧೯ರ ತಿದ್ದುಪಡಿಯಲ್ಲಿ ತೆಗೆದುಹಾಕಿದರು.

ಮೈಮೇಲೆ ಕಲೆ ಕಂಡರೆ ಸರ್ಪದೋಷವೆಂದು ನಮ್ಮ ಕಡೆಯವರು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊರುವುದುಂಟು. ಅಜ್ಜಿಯೂ ಹೊತ್ತಿದ್ದರು. ನಾನೂ ಘಾಟಿಗೆ ಹೋಗುವವನೇ, ಬೇಡವೆನ್ನಲಾರೆ. ಹರಕೆಗೆ ಅವಸರವಿಲ್ಲ, ದೇವರು ಕಾಯುತ್ತಾನೆ, ನರ ಕಾಯುವುದಿಲ್ಲ.

ತುರಿಸುವ ರೋಗಗಳ ಬಳಗ ಬೇರೆ. ಅವನ್ನು ಕುರಿತು ಎರಡು ಮಾತು ಸಾಕು. ಮನೆಮಂದಿಗೆಲ್ಲ ಒಟ್ಟಿಗೆ, ಅದರಲ್ಲೂ ರಾತ್ರಿ ಹೊತ್ತು, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ತುರಿಸಿದರೆ ಅದು ಸಾಮಾನ್ಯವಾಗಿ ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದಲ್ಲಿ ಬಿಲ ತೋಡಿರುತ್ತದೆ. ಒಬ್ಬರು ಮಾತ್ರ ಮುಲಾಮು ಹಚ್ಚಿಕೊಂಡರೆ ಪ್ರಯೋಜನವಿಲ್ಲ. ತುರಿಸದವರೂ ಸೇರಿ ಎಲ್ಲರೂ ಒಂದೇ ರಾತ್ರಿ ಹಚ್ಚಿ, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಬಳೆಯಂತೆ ದುಂಡಗೆ, ಅಂಚು ಕೆಂಪಾಗಿ ನಡುವೆ ತಿಳಿಯಾಗಿದ್ದರೆ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದೆಯೇ ಹೊರತು ರೋಗದಲ್ಲಿಲ್ಲ, ಅದೂ ಬೂಷ್ಟೇ. ಮೊಣಕೈ, ಮೊಣಕಾಲು, ತಲೆಗಳಲ್ಲಿ ಬೆಳ್ಳಿಯಂಥ ದಪ್ಪ ಹೊಟ್ಟು ಪದರ ಪದರವಾಗಿ ಏಳುವ ಸೋರಿಯಾಸಿಸ್ ವಂಶದಲ್ಲಿ ಬರಬಹುದು, ಆದರೆ ಅಂಟುವುದಿಲ್ಲ. ದೇವನಹಳ್ಳಿಯ ಕಡೆ ತೋಟಗಳಲ್ಲಿ ಕೆಲಸ ಮಾಡುವವರ ಮುಖ, ಕತ್ತು, ಮೊಣಕೈ ಮಡಿಕೆಗಳು ಉರಿದು ಕಪ್ಪಾಗಿ ದಪ್ಪಗಟ್ಟಿದರೆ, ಬದುವಿನ ಮೇಲಿನ ಕಾಂಗ್ರೆಸ್ ಗಿಡವನ್ನು ಒಮ್ಮೆ ನೋಡಬೇಕು. ಅದರ ದೂಳು ಗಾಳಿಯಲ್ಲಿ ಬಂದರೂ ಸಾಕು.

ಆದರೆ ಈ ಎಲ್ಲ ಗುರುತುಗಳನ್ನೂ ಅಳಿಸಿಹಾಕುವ ಒಂದು ವಸ್ತು ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಸ್ಟೆರಾಯಿಡ್ ಸೇರಿದ ಮುಲಾಮು ಅದು. “ಮೇಲೆ ಹಚ್ಚೋಕೆ ಏನಾದ್ರೂ ಕೊಡಿ” ಎಂದರೆ ಕೈಗೆ ಬರುವುದು ಬಹುಮಟ್ಟಿಗೆ ಅದೇ. ಹುಳುಕಡ್ಡಿಯ ಮೇಲೆ ಹಚ್ಚಿದರೆ ನಾಲ್ಕು ದಿನ ತುರಿ ನಿಲ್ಲುತ್ತದೆ, ಕೆಂಪು ಅಡಗುತ್ತದೆ. ಬೂಷ್ಟು ಮಾತ್ರ ಒಳಗೊಳಗೇ ಹಬ್ಬಿ, ಬಳೆಯ ಆಕಾರ ಕೆಟ್ಟು, ಕೊನೆಗೆ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ ಅಲ್ಲಲ್ಲಿ ಬಿಳಿಚಿಕೊಂಡು, ಇಲ್ಲದ ತೊನ್ನಿನ ಶಂಕೆ ಹುಟ್ಟುತ್ತದೆ. ೨೦೧೮ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಒಬ್ಬರಿಗೆ ಬರೆದುಕೊಟ್ಟ ಮುಲಾಮನ್ನು ಮನೆಯವರೆಲ್ಲ ಹಚ್ಚಿಕೊಳ್ಳುವುದನ್ನು ತಡೆಯುವ ಪಟ್ಟಿಯನ್ನು ಮಾತ್ರ ಯಾವ ಸರ್ಕಾರವೂ ಮಾಡಲಾರದು.

ಮನೆಯಲ್ಲಿ ನೀವು ನೋಡುವುದಾದರೆ ಹಗಲಿನ ಬೆಳಕಿನಲ್ಲಿ ನೋಡಿ. ಅಂಚು ಗೆರೆಯಂತಿದೆಯೇ, ಕರಗಿದಂತಿದೆಯೇ. ಕೆರೆದರೆ ಹೊಟ್ಟು ಬರುವುದೇ. ಹುಟ್ಟಿದಂದಿನಿಂದ ಇದ್ದದ್ದೋ, ನಡುವೆ ಬಂದದ್ದೋ. ಬಳಿಕ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿ. ಸೂಜಿ, ಊದುಬತ್ತಿಯ ಕಿಡಿ, ಬಿಸಿ ಚಮಚ ಬೇಡವೇ ಬೇಡ. ಮರಗಟ್ಟಿದ ಚರ್ಮ ಸುಟ್ಟರೂ ಹೇಳುವುದಿಲ್ಲ. ಸಂಶಯ ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೆ ನಿಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆಗೆ ತಿಳಿಸಿ. ಬೆಂಗಳೂರಿಗೆ ಹೋಗಬಲ್ಲವರಿಗೆ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗಗಳಿವೆ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ತೋರಿಸಿ. ನಾಲ್ವರ ಪರವಾಗಿ ಒಬ್ಬರು ಹೋಗಿ ಒಂದು ಟ್ಯೂಬು ತರುವುದು ಬೇಡ.

ಅಜ್ಜಿಯ ಹನ್ನೆರಡು ತಿಂಗಳ ಮಾತ್ರೆ ಮುಗಿದಿದೆ. ಬೆನ್ನಿನ ಕಲೆಗಳು ಮಾಸಿವೆ. ಎರಡು ಬೆರಳು ಬಾಗಿದ್ದು ಬಾಗಿದಂತೆಯೇ ಇವೆ. ಮೂರು ವರ್ಷ ಮೊದಲೇ ಬಂದಿದ್ದರೆ ಎಂದು ವೈದ್ಯರು ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದರು. ಹೊಸಕೋಟೆಯವರಿಗೆ ಯಜಮಾನರು ನಾಲ್ವರ ಚೀಟಿಗಳನ್ನೂ ತೋರಿಸಲು ಹೋಗಿದ್ದರಂತೆ, ಅವರು ಓದಲಿಲ್ಲ. ಮಗಳು ಈಗ ಬೆಂಗಳೂರಿಗೆ ಓಡಾಡಿಕೊಂಡು ಕೆಲಸ ಮಾಡುತ್ತಿದ್ದಾಳೆ. ಸಂಜೆ ಬಂದವಳು ಕೈಕಾಲು ತೊಳೆದು, ದೀಪದ ಬೆಳಕಿನಲ್ಲಿ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ, ಅಜ್ಜಿಗೆ ತಿಳಿಯದ ಗಾಯವೇನಾದರೂ ಆಗಿದೆಯೇ ಎಂದು ನೋಡುತ್ತಾಳೆ. ಮಸಿಬಟ್ಟೆಯನ್ನು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದವಳೂ ಅವಳೇ.